ಮೂಲವೂ ಟೀಕೆಯೂ: ವಸ್ತುಸಂಗ್ರಹಾಲಯದ ಕಲ್ಪನಾಚಿತ್ರಗಳ ವಿಚಾರ

ಪ್ರಾಚೀನ ಮೆಸೊಪೊಟೇಮಿಯದ ಅವಶೇಷಗಳನ್ನಿಟ್ಟಿರುವ ವಸ್ತುಸಂಗ್ರಹಾಲಯವೊಂದನ್ನು ಹೊಕ್ಕ ಪ್ರೇಕ್ಷಕನು ಮಾಡುವುದೇನು? ಗಾಜಿನ ಪೆಟ್ಟಿಗೆಯೊಳಗಿನ ಇಟ್ಟಿಗೆಯ ತುಂಡನ್ನು ಅರೆಗಳಿಗೆ ನೋಡುವನು; ಮಣ್ಣಿನ ಬಟ್ಟಲನ್ನು ಅದಕ್ಕಿಂತಲೂ ಕಡಮೆ ಹೊತ್ತು ನೋಡುವನು; ಬಳಿಕ ಗೋಡೆಯ ಮೇಲಿನ ವರ್ಣಚಿತ್ರದ ಮುಂದೆ ನಿಂತುಬಿಡುವನು. ಅಲ್ಲಿ ಎತ್ತರವಾದ ಗೋಪುರ, ಅದರ ಮೆಟ್ಟಲುಗಳನ್ನೇರುವ ಪುರೋಹಿತರು, ಖರ್ಜೂರದ ತೋಪು, ಹೊಳೆಯ ಮೇಲಿನ ದೋಣಿಗಳು ಎಲ್ಲವೂ ಇರುವುವು. ಮನೆಗೆ ಮರಳಿದ ಮೇಲೆ ಅವನ ನೆನಪಿನಲ್ಲಿ ಉಳಿಯುವುದು ಆ ಚಿತ್ರವೇ. ಬ್ಯಾಬಿಲೋನು ಹೇಗಿದ್ದಿತೆಂದು ಮಕ್ಕಳು ಕೇಳಿದರೆ, ಅವನು ವರ್ಣಿಸುವುದು ನೆಲವನ್ನು ಅಗೆದವರು ಕಂಡುದನ್ನಲ್ಲ, ಚಿತ್ರಗಾರನು ಬರೆದುದನ್ನು.

ಇಂತಹ ಚಿತ್ರಗಳು ವಸ್ತುಸಂಗ್ರಹಾಲಯದಲ್ಲಿ ಇರತಕ್ಕವೆ, ಇರತಕ್ಕವಲ್ಲವೆ ಎಂಬ ವಿಷಯದಲ್ಲಿ ಎರಡು ಪಕ್ಷಗಳುಂಟು. ಮೊದಲನೆಯ ಪಕ್ಷದವರು, "ಸತ್ಯವನ್ನು ತೋರಿಸುವುದಕ್ಕಾಗಿ ಕಟ್ಟಿದ ಮನೆಯಲ್ಲಿ ಕಲ್ಪನೆಗೆ ಸ್ಥಳವಿಲ್ಲ, ನೆಲದಲ್ಲಿ ಸಿಕ್ಕಿದುದನ್ನು ಮಾತ್ರ ಇಡಿರಿ, ಚಿತ್ರಗಳನ್ನು ಕೆಳಗಿಳಿಸಿರಿ" ಎನ್ನುವರು. ಎರಡನೆಯ ಪಕ್ಷದವರು, "ಸಾಮಾನ್ಯಪ್ರೇಕ್ಷಕನಿಗೆ ಬೇಕಾದುದು ಕಣ್ಣಿಗೆ ಕಟ್ಟುವ ನೋಟ, ಅದರಲ್ಲಿ ಸಿಕ್ಕಿದುದೆಷ್ಟು, ಊಹಿಸಿದುದೆಷ್ಟು ಎಂಬ ಲೆಕ್ಕವು ಪಂಡಿತರಿಗಿರಲಿ" ಎನ್ನುವರು. ಮೊದಲನೆಯವರು ಪ್ರೇಕ್ಷಕನನ್ನು ಕತ್ತಲೆಯಲ್ಲಿ ಬಿಡುವರು. ಎರಡನೆಯವರು ಅವನನ್ನು ಮಗುವೆಂದು ಎಣಿಸುವರು. ಎರಡು ಪಕ್ಷಗಳೂ ದೋಷಯುಕ್ತವಾದುವು.

ಸಿದ್ಧಾಂತವು ಇವೆರಡಕ್ಕಿಂತ ಬೇರೆಯಾದುದು. ಚಿತ್ರವು ಬೇಕು, ಆದರೆ ಅದು ಮೂಲವಲ್ಲ, ಮೂಲಕ್ಕೆ ಬರೆದ ಟೀಕೆ ಎಂಬುದು ನೋಡುವವನಿಗೆ ಸ್ಪಷ್ಟವಾಗಿ ಕಾಣುವಂತಿರಬೇಕು. ಓಲೆಯ ಅಂಚಿನಲ್ಲಿದ್ದ ಟಿಪ್ಪಣಿಯನ್ನು ಗ್ರಂಥದ ಮಾತೆಂದೇ ತಿಳಿದು ನಡುವೆ ಸೇರಿಸಿ ಬರೆದ ಲಿಪಿಕಾರನು ಕವಿಗೆ ಯಾವ ಅಪಕಾರವನ್ನು ಮಾಡುವನೋ, ಗುರುತಿಲ್ಲದ ಕಲ್ಪನಾಚಿತ್ರವು ಚರಿತ್ರೆಗೆ ಅದೇ ಅಪಕಾರವನ್ನು ಮಾಡುವುದು. ಹಾಗೆಂದು ಟೀಕೆಯನ್ನೇ ಸುಟ್ಟುಬಿಡಬೇಕೆಂದು ಯಾವ ವಿದ್ವಾಂಸನೂ ಹೇಳಲಾರನು.

ಮೊದಲು, ವಸ್ತುಗಳು ಮಾತ್ರ ಸಾಕೆಂಬವರ ಮಾತನ್ನು ವಿಚಾರಿಸಬಹುದು. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಣ ಕೆಳನಾಡಿನಲ್ಲಿ ಕಟ್ಟಡದ ಕಲ್ಲು ದುರ್ಲಭ. ಅಲ್ಲಿಯ ಜನರು ಮನೆಯನ್ನೂ ದೇವಾಲಯವನ್ನೂ ಕೋಟೆಯನ್ನೂ ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆಯಿಂದಲೇ ಹೆಚ್ಚಾಗಿ ಕಟ್ಟಿದರು. ಮಳೆಗೆ ಕರಗಿ, ಗಾಳಿಗೆ ಸವೆದು, ಒಂದರ ಮೇಲೊಂದಾಗಿ ಕುಸಿದ ಆ ಊರುಗಳೆಲ್ಲ ಈಗ ದಿಬ್ಬಗಳಾಗಿರುವುವು. ಗ್ರೀಸಿನಲ್ಲಾಗಲಿ ಭಾರತದಲ್ಲಾಗಲಿ ನಿಂತ ಕಂಬಗಳು ಕಟ್ಟಡದ ಎತ್ತರವನ್ನು ತಾವೇ ಹೇಳುವಂತೆ, ಇಲ್ಲಿ ಹೇಳುವ ಕಂಬವಿಲ್ಲ. ಇಷ್ಟೇ ಅಲ್ಲದೆ, ಅಗೆಯುವುದೆಂದರೆ ಒಂದು ವಿಧದಲ್ಲಿ ನಾಶಮಾಡುವುದೇ ಆಗಿರುವುದು. ಕೆಳಗಣ ಪದರವನ್ನು ಕಾಣಬೇಕಾದರೆ ಮೇಲಣ ಪದರವನ್ನು ತೆಗೆದುಹಾಕಲೇಬೇಕು. ಹೀಗೆ ತೆಗೆದುಹಾಕಿದುದು ಆಮೇಲೆ ಉಳಿಯುವುದು ರೇಖೆಯಲ್ಲಿ, ಬರವಣಿಗೆಯಲ್ಲಿ, ಚಿತ್ರದಲ್ಲಿ ಮಾತ್ರ.

ಇದಕ್ಕೆ ನಿದರ್ಶನಗಳನ್ನು ದೂರ ಹುಡುಕಬೇಕಾಗಿಲ್ಲ. ೧೮೪೩ರಲ್ಲಿ ಬೊಟ್ಟಾ ಎಂಬ ಫ್ರೆಂಚ್ ರಾಯಭಾರಾಧಿಕಾರಿಗಳು ಖೋರ್ಸಾಬಾದಿನಲ್ಲಿ ಅಸ್ಸೀರಿಯದ ಅರಮನೆಯೊಂದನ್ನು ಅಗೆದು ತೆಗೆದರು. ಪೂರ್ವದಲ್ಲಿ ಬೆಂಕಿಗೆ ಸಿಕ್ಕಿ ಸುಣ್ಣವಾಗಿದ್ದ ಅನೇಕ ಶಿಲಾಫಲಕಗಳು ಗಾಳಿ ಬೆಳಕು ತಗಲಿದೊಡನೆ ಪುಡಿಯಾಗತೊಡಗಿದುವು. ಮರುವರ್ಷ ಬಂದ ಫ್ಲಾಂದೆಂ ಎಂಬ ಚಿತ್ರಗಾರರು ಅವನ್ನು ನೋಡಿ ಬರೆದುಕೊಂಡಿರದಿದ್ದರೆ ಅವುಗಳ ಸುಳಿವೇ ಉಳಿಯುತ್ತಿರಲಿಲ್ಲ. ಅದೇ ಸ್ಥಳದಲ್ಲಿ ಅಗೆತವನ್ನು ಮುಂದುವರಿಸಿದ ವಿಕ್ತೋರ್ ಪ್ಲಾಸರು ಕಳುಹಿಸಿದ ಪೆಟ್ಟಿಗೆಗಳು ೧೮೫೫ರಲ್ಲಿ ದೋಣಿ ತೆಪ್ಪಗಳಲ್ಲಿ ಹೋಗುತ್ತಿರುವಾಗ, ಕುರ್ನಾ ಎಂಬಲ್ಲಿ ದಾಳಿಗೆ ಸಿಕ್ಕಿ ಬಹುಪಾಲು ನೀರಿನ ಪಾಲಾದುವು. ಪ್ಲಾಸರ ಸಂಗಡವಿದ್ದ ಫೆಲಿಕ್ಸ್ ತೋಮಾರವರ ಚಿತ್ರಗಳು ಮಾತ್ರ ಉಳಿದು, ಆಮೇಲೆ ಗ್ರಂಥರೂಪದಲ್ಲಿ ಹೊರಬಿದ್ದುವು. ಇನ್ನು ನಿಮ್ರೂದಿನ ಮಾತು. ಲೇಯಾರ್ಡರು ೧೮೪೫ರಲ್ಲಿ ಅಗೆಯಲಾರಂಭಿಸಿದ ಆ ಊರಿನಲ್ಲಿ, ಎರಡನೆಯ ಅಶ್ಶುರ್‌ನಾಸಿರ್‌ಪಾಲನ ಅರಮನೆಯ ಗೋಡೆಗಳು ನಿಂತಿದ್ದುವು. ೨೦೧೫ರಲ್ಲಿ ಇಸ್ಲಾಮಿಕ್ ಸ್ಟೇಟ್ ಪಡೆಯವರು ಸಿಡಿಮದ್ದಿಟ್ಟು ಅದನ್ನು ಹಾರಿಸಿಬಿಟ್ಟರು. ಮೂರು ಸಾವಿರ ವರ್ಷಗಳ ಮಳೆಗಾಳಿಗೆ ಉಳಿದುದು ಒಂದೇ ಗಳಿಗೆಯಲ್ಲಿ ಹೋಯಿತು. ವಸ್ತುವೇ ಶಾಶ್ವತ, ಚಿತ್ರವು ಕ್ಷಣಿಕ ಎಂದು ವಾದಿಸುವವರು ಈ ಮೂರು ಸಂಗತಿಗಳಿಗೆ ಉತ್ತರವನ್ನು ಹೇಳಬೇಕು.

"ಅವು ಕಂಡುದನ್ನು ಕಂಡಂತೆ ಬರೆದ ಚಿತ್ರಗಳು, ಆಕ್ಷೇಪವು ಕಾಣದುದನ್ನು ಬರೆದ ಚಿತ್ರಗಳ ವಿಷಯದಲ್ಲಿ ಮಾತ್ರ" ಎಂದು ಅವರು ಹೇಳಬಹುದು. ಹಾಗಾದರೆ, ಅವರು ಮೂಲವೆಂದು ನಂಬಿರುವ ವಸ್ತುವೇ ಎಷ್ಟರ ಮಟ್ಟಿಗೆ ಮೂಲವೆಂಬುದನ್ನು ನೋಡಬೇಕು. ಬರ್ಲಿನ್ನಿನ ಪೆರ್ಗಮಾನ್ ವಸ್ತುಸಂಗ್ರಹಾಲಯದಲ್ಲಿ ಬ್ಯಾಬಿಲೋನಿನ ಇಷ್ಟಾರ್ ದ್ವಾರವು ೧೯೩೦ರಿಂದ ನಿಂತಿರುವುದು. ನೀಲಿಯ ಮೆರುಗಿನ ಇಟ್ಟಿಗೆ, ಅದರ ಮೇಲೆ ಗೂಳಿಗಳು, ಸರ್ಪಮುಖದ ಮೃಗಗಳು. ಲಕ್ಷಾಂತರ ಜನರು ಅದನ್ನು ನೋಡಿ ನೆಬುಕದ್ನೆಜರನ ದ್ವಾರವನ್ನೇ ಕಂಡೆವೆಂದು ಹಿಗ್ಗಿರುವರು. ಕೋಲ್ಡೆವೈಯವರು ೧೮೯೯ರಿಂದ ೧೯೧೭ರ ವರೆಗೆ ಅಗೆದು ತೆಗೆದು, ಪೆಟ್ಟಿಗೆಗಳಲ್ಲಿ ಕಳುಹಿಸಿದುದಾದರೋ ಒಡೆದ ಚೂರುಗಳ ರಾಶಿ. ಆ ಚೂರುಗಳ ಉಪ್ಪನ್ನು ತೊಳೆದು, ಒಂದಕ್ಕೊಂದು ಹೊಂದಿಸಿ, ಸಾಲದುದಕ್ಕೆ ಜರ್ಮನಿಯಲ್ಲಿಯೇ ಹೊಸ ಇಟ್ಟಿಗೆಗಳನ್ನು ಸುಟ್ಟು ಸೇರಿಸಿ ನಿಲ್ಲಿಸಿದುದೇ ಇಂದಿನ ದ್ವಾರವು. ನಿಲ್ಲಿಸಿದುದು ಕೂಡ ಮುಂಭಾಗದ ಚಿಕ್ಕ ದ್ವಾರ; ಹಿಂದಿನ ದೊಡ್ಡ ದ್ವಾರಕ್ಕೆ ಆ ಕಟ್ಟಡದಲ್ಲಿ ಸ್ಥಳವೇ ಸಾಲದು. ಅದಕ್ಕೆ ಸೇರಿದ ಮೆರವಣಿಗೆಯ ಬೀದಿಯು ಬ್ಯಾಬಿಲೋನಿನಲ್ಲಿ ೨೦ ಮೀಟರಿಗೂ ಮಿಕ್ಕ ಅಗಲವುಳ್ಳದ್ದು. ಬರ್ಲಿನ್ನಿನಲ್ಲಿ ೮ ಮೀಟರು. ಇದನ್ನು ಮೋಸವೆನ್ನಬೇಕೆ? ಎಂದಿಗೂ ಇಲ್ಲ. ಇದು ಇಟ್ಟಿಗೆಯಲ್ಲಿ ಬರೆದ ಟೀಕೆ. ಇಟ್ಟಿಗೆಯ ಟೀಕೆಯನ್ನು ಒಪ್ಪುವವರು ಬಣ್ಣದ ಟೀಕೆಯನ್ನು ಮಾತ್ರ ಹೊರದೂಡುವುದು ನ್ಯಾಯವೆನಿಸದು.

ಆ ವಸ್ತುಸಂಗ್ರಹಾಲಯವನ್ನು ಅಣಿಗೊಳಿಸಿದ ವಾಲ್ಟರ್ ಆಂದ್ರೆಯವರು ಈ ತತ್ತ್ವವನ್ನು ಚೆನ್ನಾಗಿ ಅರಿತಿದ್ದರು. ಅವರು ಸ್ವತಃ ಬ್ಯಾಬಿಲೋನಿನಲ್ಲಿ ದುಡಿದು, ೧೯೦೩ರಿಂದ ೧೯೧೪ರ ವರೆಗೆ ಅಶ್ಶೂರಿನ ಅಗೆತವನ್ನು ನಡೆಸಿದವರು, ಕುಂಚವನ್ನೂ ಬಲ್ಲವರು. ಅವರ ಸೋದರಿ ಎಲಿಸಬೆತ್ ಆಂದ್ರೆಯವರು ಭೂದೃಶ್ಯಗಳ ಚಿತ್ರಗಾರ್ತಿ. ಅಗೆತ ನಡೆದ ಸ್ಥಳಗಳ ದೊಡ್ಡ ದೊಡ್ಡ ಚಿತ್ರಗಳನ್ನು ಆಕೆಯು ಆ ಶಾಲೆಗಳ ಗೋಡೆಗಳಿಗಾಗಿ ಬರೆದುಕೊಟ್ಟರು. ಗಾಜಿನ ಪೆಟ್ಟಿಗೆಯಲ್ಲಿ ಮುದ್ರೆಯನ್ನಿಡಬಹುದು, ಬಟ್ಟಲನ್ನಿಡಬಹುದು; ದಿಬ್ಬವನ್ನೂ ಹೊಳೆಯ ತಿರುವನ್ನೂ ಬಯಲಿನ ಬೆಳಕನ್ನೂ ಇಡಲಾಗದು. ವಸ್ತುವು ಯಾವ ನೆಲದಿಂದ ಬಂದಿತೋ ಆ ನೆಲವನ್ನು ತೋರಿಸುವ ಶಕ್ತಿಯು ಚಿತ್ರಕ್ಕೆ ಮಾತ್ರ ಉಂಟು. ನೆಲದಿಂದ ಕಿತ್ತ ವಸ್ತುವು ಪ್ರಕರಣದಿಂದ ಕಿತ್ತ ಪದದಂತೆ. ಅರ್ಥವು ನಿಲ್ಲುವುದು ಕಷ್ಟ.

ಇಷ್ಟರಿಂದ ಮೊದಲನೆಯ ಪಕ್ಷವು ನಿರಾಕೃತವಾಯಿತು. ಆದರೆ ಎರಡನೆಯ ಪಕ್ಷದವರು ಇದರಿಂದ ಹಿಗ್ಗಬೇಕಾಗಿಲ್ಲ. ಅವರ ದೋಷವು ಇದಕ್ಕಿಂತ ಹೆಚ್ಚು ಅಪಾಯಕರವಾದುದು.

ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷವೆಂದೂ ಅನುಮಾನವೆಂದೂ ಬೇರೆ ಬೇರೆ ಪ್ರಮಾಣಗಳನ್ನು ಹೇಳಿರುವರಷ್ಟೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡವನು ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ಯುಕ್ತವೇ ಸರಿ. ಆದರೆ ಆ ಬೆಂಕಿಯ ಮೇಲೆ ಪಾತ್ರೆಯಿದೆ, ಪಾತ್ರೆಯಲ್ಲಿ ಪಾಯಸವಿದೆ, ಅದನ್ನು ಕದಡುವವನು ಕೆಂಪು ಉತ್ತರೀಯವನ್ನು ಹೊದ್ದಿರುವನು ಎಂದರೆ ಯಾರು ಒಪ್ಪುವರು? ಬರಹಗಾರನು "ಬೆಂಕಿಯಿರಬಹುದು" ಎಂದು ಹೇಳಿ ಅಲ್ಲಿಗೇ ನಿಲ್ಲಬಲ್ಲನು. ಚಿತ್ರಗಾರನಿಗೆ ಆ ಸೌಲಭ್ಯವಿಲ್ಲ. ಅವನು ಬೆಂಕಿಯನ್ನು ಬರೆಯಬೇಕಾದರೆ ಅದರ ಅಳತೆಯನ್ನು ಬರೆಯಬೇಕು. ಅಡುಗೆಯವನನ್ನು ಬರೆಯಬೇಕಾದರೆ ಅವನ ಬಟ್ಟೆಗೆ ಯಾವುದಾದರೊಂದು ಬಣ್ಣವನ್ನು ಹಚ್ಚಲೇಬೇಕು. "ಬಹುಶಃ" ಎಂಬ ಮಾತಿಗೆ ಬಣ್ಣವಿಲ್ಲ. ಪ್ರತ್ಯಕ್ಷವಾಗಿ ಕಂಡ ಗೋಡೆಯೂ ಊಹಿಸಿದ ಗೋಪುರವೂ ಒಂದೇ ಬಿಸಿಲಿನಲ್ಲಿ ಒಂದೇ ಸಮನಾಗಿ ಹೊಳೆಯುವುವು. ಚಿತ್ರದ ಮೋಹಕತೆಗೂ ಅದರ ಅಪಾಯಕ್ಕೂ ಕಾರಣವು ಇದೊಂದೇ.

ಉತ್ಖನನಕಾರರೂ ಈ ದೋಷದಿಂದ ಹೊರತಾಗಿಲ್ಲ. ದಕ್ಷಿಣ ಇರಾಕಿನ ಊರ್ ಎಂಬ ಪ್ರಾಚೀನ ಪಟ್ಟಣವನ್ನು ಲಿಯೊನಾರ್ಡ್ ವೂಲಿಯವರು ೧೯೨೨ರಿಂದ ೧೯೩೪ರ ವರೆಗೆ ಅಗೆದರು. ಕೊಳೆತುಹೋದ ಮರದ ವೀಣೆಯು ಮಣ್ಣಿನಲ್ಲಿ ಬಿಟ್ಟಿದ್ದ ಟೊಳ್ಳಿನೊಳಕ್ಕೆ ಪ್ಲಾಸ್ಟರನ್ನು ಸುರಿದು, ಇಲ್ಲದ ವೀಣೆಯ ಆಕಾರವನ್ನು ಅವರು ಪಡೆದರು. ಟೊಳ್ಳು ಪ್ರತ್ಯಕ್ಷವಾದುದರಿಂದ ಇದು ನಿರ್ದುಷ್ಟವಾದ ಅನುಮಾನ. ಅವರೇ ಅಲ್ಲಿಯ ದೊಡ್ಡ ಗೋಪುರದ ಗೋಡೆಗಳಲ್ಲಿ ಸಾಲು ಸಾಲಾದ ಚಿಕ್ಕ ರಂಧ್ರಗಳನ್ನು ಕಂಡರು. ರಂಧ್ರಗಳಿಂದ ನೀರು ಹರಿಯುತ್ತಿದ್ದಿರಬೇಕು. ನೀರಿದ್ದರೆ ಅದು ಮೇಲಣ ಅಂತಸ್ತುಗಳಲ್ಲಿ ನೆಟ್ಟ ಮರಗಳಿಗೆ ಎರೆದುದಾಗಿರಬೇಕು ಎಂದು ತರ್ಕಿಸಿದರು. ಒಳಗಣ ಹಸಿ ಇಟ್ಟಿಗೆಯ ರಾಶಿಯು ಆರುವುದಕ್ಕೆ ಇಂತಹ ರಂಧ್ರಗಳೇ ಸಾಕು, ಮರಗಳು ಬೇಕಾಗಿಲ್ಲ ಎಂಬುದು ಇತರರ ಉತ್ತರ. ಹೊಗೆಯಿಂದ ಪಾಯಸದ ವರೆಗೆ ಹೋದುದೆಂದರೆ ಇದೇ. ಗ್ರಂಥದಲ್ಲಿ ಓದಿದವನಿಗೆ ವಾದದ ಮೆಟ್ಟಲುಗಳು ಕಾಣುವುವು. ಚಿತ್ರದಲ್ಲಿ ಮರಗಳು ಮಾತ್ರ ಕಾಣುವುವು.

ಕನ್ನಡನಾಡಿನ ಶಿಲ್ಪವನ್ನು ಕುರಿತು ಓದಿದವರಿಗೆ ಜೇಮ್ಸ್ ಫರ್ಗುಸನ್ನರ ಹೆಸರು ಹೊಸದಲ್ಲ. ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತು ೧೮೬೬ರಲ್ಲಿ ಹೊರಬಿದ್ದ ಗ್ರಂಥದಲ್ಲಿ, ಸುರಪುರದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರರ ಜೊತೆಗೆ ಶಿಲ್ಪವಿವರಣೆಯನ್ನು ಬರೆದವರು ಅವರೇ. ಅದಕ್ಕೆ ಹದಿಮೂರು ವರ್ಷ ಮುಂಚೆ, ಲೇಯಾರ್ಡರ ಗ್ರಂಥವೊಂದರಲ್ಲಿ ನಿಮ್ರೂದಿನ ಅರಮನೆಗಳು ಪೂರ್ವದಲ್ಲಿ ಹೇಗಿದ್ದುವೆಂಬ ವರ್ಣಚಿತ್ರವು ಫರ್ಗುಸನ್ನರ ಕಲ್ಪನೆಯಂತೆ ಅಚ್ಚಾಯಿತು. ಟೈಗ್ರಿಸ್ ನದಿಯ ದಡದಲ್ಲಿ ಸಾಲು ಸಾಲಾದ ಪ್ರಾಸಾದಗಳು. ಅವುಗಳಿಗೆ ಕಂಬಗಳುಳ್ಳ ಮೇಲುಪ್ಪರಿಗೆಗಳು. ಅಗೆದವರಿಗೆ ಸಿಕ್ಕಿದ್ದುದಾದರೋ ಕೆಳಗಣ ಗೋಡೆಗಳು. ಮೇಲುಪ್ಪರಿಗೆಯ ಕಂಬಗಳನ್ನು ಫರ್ಗುಸನ್ನರು ಎರವಲು ತಂದುದು ಪಾರಸೀಕರ ಪೆರ್ಸೆಪೊಲಿಸ್ಸಿನಿಂದ. ಅದು ಅಶ್ಶುರ್‌ನಾಸಿರ್‌ಪಾಲನಿಗೆ ಮುನ್ನೂರಕ್ಕೂ ಮಿಕ್ಕ ವರ್ಷಗಳ ಈಚಿನದು. ೧೮೫೪ರಲ್ಲಿ ಲಂಡನ್ನಿನ ಸ್ಫಟಿಕಸೌಧದಲ್ಲಿ ಅವರ ಯೋಜನೆಯಂತೆಯೇ ನಿನೆವೆಯ ಪ್ರಾಂಗಣವೊಂದು ಎದ್ದಿತು. ಜನರು ತಂಡತಂಡವಾಗಿ ಹೋಗಿ ನೋಡಿದರು. ೧೮೬೬ರ ಬೆಂಕಿಯಲ್ಲಿ ಅದು ನಾಶವಾಯಿತು. ಪ್ರಾಂಗಣವು ಹೋದರೂ ಆ ಚಿತ್ರವು ಹೋಗಲಿಲ್ಲ. ಇಂದಿಗೂ ನಿನೆವೆ ನಿಮ್ರೂದುಗಳ ಮಾತು ಬಂದಲ್ಲೆಲ್ಲ ಅದನ್ನು ಅಚ್ಚುಹಾಕುತ್ತಲೇ ಇರುವರು.

ಫರ್ಗುಸನ್ನರು ಅವಿವೇಕಿಗಳಾಗಿರಲಿಲ್ಲ. ಕನ್ನಡನಾಡಿನ ದೇವಾಲಯಗಳ ವಿಷಯದಲ್ಲಿ ಅವರ ಮುಂದೆ ನಿಂತ ಕಟ್ಟಡಗಳ ಛಾಯಾಚಿತ್ರಗಳಿದ್ದುವು. ತಪ್ಪಿದರೆ ತಿದ್ದುವುದಕ್ಕೆ ಕಲ್ಲೇ ಸಾಕ್ಷಿಯಾಗಿದ್ದಿತು. ನಿಮ್ರೂದಿನಲ್ಲಿ ಸಾಕ್ಷಿಯಿರಲಿಲ್ಲ. ಸಾಕ್ಷಿಯಿಲ್ಲದ ಕಡೆ ಅಷ್ಟು ದೊಡ್ಡ ಪಂಡಿತರೂ ಎಡವಿದರೆಂದ ಮೇಲೆ, ಚಿತ್ರಗಳಿಗೆ ಗುರುತು ಬೇಡವೆನ್ನುವ ಧೈರ್ಯವು ಯಾರಿಗೆ ಉಂಟಾದೀತು?

ಎರಡನೆಯ ನಿದರ್ಶನವು ಬ್ಯಾಬಿಲೋನಿನದು. ಷಿಕಾಗೋ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಮೋರಿಸ್ ಬಾರ್ಡಿನ್ ಎಂಬವರು ೧೯೩೬ರಲ್ಲಿ ಬರೆದ ಬ್ಯಾಬಿಲೋನಿನ ಚಿತ್ರವಿರುವುದು. ಎಕ್‌ಹಾರ್ಡ್ ಉಂಗರ್ ಎಂಬ ವಿದ್ವಾಂಸರ ಮತವನ್ನು ಅನುಸರಿಸಿದ ಈ ಚಿತ್ರದಲ್ಲಿ ಮೆರವಣಿಗೆಯ ಬೀದಿಯಿದೆ, ಇಷ್ಟಾರ್ ದ್ವಾರವಿದೆ, ದೂರದಲ್ಲಿ ಮಹಾಗೋಪುರವಿದೆ; ಇವುಗಳೊಡನೆ, ಲೋಕದ ಏಳು ಅದ್ಭುತಗಳಲ್ಲೊಂದೆಂದು ಗ್ರೀಕರು ಹೊಗಳಿದ ತೂಗುದೋಟವೂ ಹಸುರಾಗಿ ಶೋಭಿಸುತ್ತಿರುವುದು. ಬೀದಿಗೂ ದ್ವಾರಕ್ಕೂ ನೆಲವೇ ಸಾಕ್ಷಿ. ತೋಟಕ್ಕೆ ಸಾಕ್ಷಿಯೆಲ್ಲಿ? ನೆಬುಕದ್ನೆಜರನು ತನ್ನ ಕಟ್ಟಡಗಳನ್ನು ಕುರಿತು ಬರೆಯಿಸಿದ ಶಾಸನಗಳು ಎಷ್ಟೋ ದೊರೆತಿದ್ದರೂ ಯಾವುದರಲ್ಲಿಯೂ ಇಂತಹ ತೋಟದ ಮಾತಿಲ್ಲ. ಬ್ಯಾಬಿಲೋನನ್ನು ವಿಸ್ತಾರವಾಗಿ ವರ್ಣಿಸಿದ ಹೆರೊಡೋಟಸನೂ ಅದನ್ನು ಹೇಳಲಿಲ್ಲ. ಕಮಾನುಗಳುಳ್ಳ ಕಟ್ಟಡವೊಂದನ್ನು ಕಂಡ ಕೋಲ್ಡೆವೈಯವರು ಅದೇ ತೋಟದ ಅಡಿಪಾಯವೆಂದು ಎಣಿಸಿದ್ದರು. ಆ ಕಟ್ಟಡದಲ್ಲಿ ಸಿಕ್ಕಿದ ಮಣ್ಣಿನ ಫಲಕಗಳನ್ನು ವೈಡ್‌ನರ್ ಎಂಬವರು ಓದಿ ೧೯೩೯ರಲ್ಲಿ ಪ್ರಕಟಿಸಿದರು. ನೋಡಿದರೆ ಅವು ಎಣ್ಣೆ ಧಾನ್ಯಗಳನ್ನು ಅಳೆದುಕೊಟ್ಟ ಲೆಕ್ಕಪತ್ರಗಳು; ಪಡಿಯನ್ನು ಪಡೆದವರಲ್ಲಿ ಯೆಹೂದದ ಸೆರೆಯಾಳುದೊರೆಯಾದ ಯೆಹೋಯಾಖೀನನೂ ಒಬ್ಬನು. ತೋಟವೆಂದು ತಿಳಿದುದು ಉಗ್ರಾಣವಾಗಿ ಕಂಡಿತು. ಇತ್ತೀಚೆಗೆ ೨೦೧೩ರಲ್ಲಿ ಸ್ಟೆಫನೀ ಡ್ಯಾಲಿಯವರು, ಆ ತೋಟವು ಬ್ಯಾಬಿಲೋನಿನದೇ ಅಲ್ಲ, ಸೆನ್ನಾಖೆರಿಬನು ನಿನೆವೆಯಲ್ಲಿ ಮಾಡಿಸಿದ್ದೆಂದು ಒಂದು ಗ್ರಂಥವನ್ನೇ ಬರೆದು ವಾದಿಸಿರುವರು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ. ವಿದ್ವಾಂಸರು ಹೀಗೆ ವಾದಿಸುತ್ತಿರುವಾಗ ಚಿತ್ರದೊಳಗಣ ತೋಟದ ಒಂದೆಲೆಯೂ ಬಾಡಿಲ್ಲ. ಚಿತ್ರವು ವಾದವನ್ನು ಕೇಳುವುದಿಲ್ಲ. ಕೇಳಿಸಬೇಕಾದುದು ಅದರ ಪಕ್ಕದ ಬರೆಹದ ಕೆಲಸ.

ಮರಗಳಿದ್ದರೇನು, ತೋಟವಿದ್ದರೇನು, ಇದರಿಂದ ಯಾರಿಗೇನು ನಷ್ಟ ಎಂದು ಕೇಳುವವರು ಮೂರನೆಯ ನಿದರ್ಶನವನ್ನು ಗಮನಿಸಬೇಕು. ವೂಲಿಯವರು ಊರಿನಲ್ಲಿ ಅಗೆದ ಗೋರಿಗಳಲ್ಲಿ ೧೬ನ್ನು ಅವರು ರಾಜಗೋರಿಗಳೆಂದು ಕರೆದರು. ಅವು ಸುಮಾರು ೪೫೦೦ ವರ್ಷಗಳ ಹಿಂದಿನವು. ದೊರೆಯೊಡನೆ ಅವನ ಪರಿವಾರವನ್ನೂ ಹೂಳುವ ಘೋರವಾದ ಪದ್ಧತಿಯು ಅವುಗಳಲ್ಲಿ ಕಂಡುಬಂದಿತು. ಒಂದು ಗೋರಿಯಲ್ಲಿ ೬೩ ಜನರು, ಎತ್ತುಗಳೊಡನೆ ಎರಡು ಬಂಡಿಗಳು. ಇನ್ನೊಂದರಲ್ಲಿ ೭೪ ಜನರು. ಅವರಲ್ಲಿ ೬೮ ಮಂದಿ ಸ್ತ್ರೀಯರು, ಚಿನ್ನದ ಎಲೆಗಳನ್ನೂ ಬೆಳ್ಳಿಯ ಪಟ್ಟಿಗಳನ್ನೂ ಮುಡಿದು ಸಾಲಾಗಿ ಮಲಗಿದ್ದರು. ಬಳಿಯಲ್ಲಿ ಬಟ್ಟಲುಗಳಿದ್ದುವು, ದೇಹಗಳಲ್ಲಿ ಹೋರಾಟದ ಗುರುತು ಕಾಣಲಿಲ್ಲ. ಆದುದರಿಂದ ಅವರೆಲ್ಲರೂ ತಾವಾಗಿ ಇಳಿದುಬಂದು, ವಿಷವನ್ನು ಕುಡಿದು, ನಿದ್ರೆಹೋಗುವಂತೆ ಪ್ರಾಣಬಿಟ್ಟರೆಂದು ವೂಲಿಯವರು ನಿರ್ಣಯಿಸಿದರು. ೧೯೨೮ರಲ್ಲಿ ಲಂಡನ್ನಿನ ಸಚಿತ್ರಪತ್ರಿಕೆಯೊಂದಕ್ಕಾಗಿ ಅಮೆದೀ ಫೋರೆಸ್ತಿಯೇ ಎಂಬ ಚಿತ್ರಗಾರರು ಮೊದಲನೆಯ ಗೋರಿಯ ಪರಿವಾರವನ್ನು, ಸಾವಿಗೆ ಮುನ್ನಿನ ಗಳಿಗೆಯಲ್ಲಿ ನಿಂತಂತೆ, ಬರೆದರು. ಭಟರು, ಬಂಡಿಗಳು, ಅಲಂಕೃತರಾದ ಸ್ತ್ರೀಯರು, ಎಲ್ಲರೂ ಶಾಂತರಾಗಿ, ಅಚ್ಚುಕಟ್ಟಾಗಿ ನಿಂತಿರುವರು. ಈ ಚಿತ್ರವು ಪುಸ್ತಕದಿಂದ ಪುಸ್ತಕಕ್ಕೆ ಹೋಯಿತು, ಪ್ರದರ್ಶನಗಳಲ್ಲಿಯೂ ಕಾಣಿಸಿಕೊಂಡಿತು. ಊರಿನ ಪರಿವಾರದವರು ಸಂತೋಷದಿಂದ ಸತ್ತರೆಂಬುದು ಎಲ್ಲರೂ "ಕಂಡ" ಸಂಗತಿಯಾಯಿತು.

ಆ ಗೋರಿಗಳಿಂದ ತೆಗೆದ ತಲೆಬುರುಡೆಗಳಲ್ಲಿ ಎರಡು, ಒಬ್ಬ ಸ್ತ್ರೀಯದೂ ಒಬ್ಬ ಭಟನದೂ, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಇದ್ದುವು. ಮಣ್ಣಿನ ಭಾರಕ್ಕೆ ಚಪ್ಪಟೆಯಾಗಿದ್ದ ಅವನ್ನು ಒಳಗಣ ಪದರಗಳು ಕಾಣುವಂತೆ ಕ್ಷಕಿರಣಯಂತ್ರದಿಂದ ಪರೀಕ್ಷಿಸಿ, ಅದರ ಫಲವನ್ನು ೨೦೧೧ರಲ್ಲಿ ಪ್ರಕಟಿಸಿದರು. ಎರಡರಲ್ಲಿಯೂ ಮೊನೆಯುಳ್ಳ ಆಯುಧದಿಂದ ಹೊಡೆದ ಗುರುತುಗಳಿದ್ದುವು. ಪೆಟ್ಟು ಬಿದ್ದುದು ಪ್ರಾಣವಿರುವಾಗ. ಅಷ್ಟೇ ಅಲ್ಲದೆ, ದೇಹಗಳಿಗೆ ಶಾಖ ಕೊಟ್ಟು, ಪಾದರಸದ ಸಂಯುಕ್ತವನ್ನು ಹಚ್ಚಿ, ಕೊಳೆಯದಂತೆ ಇಟ್ಟಿದ್ದುದೂ ಕಂಡುಬಂದಿತು. ಕೊಂದವರೇ ಆಮೇಲೆ ಅವರನ್ನು ಸಿಂಗರಿಸಿ ಸಾಲಾಗಿ ಮಲಗಿಸಿರಬಹುದು. ಎರಡು ಬುರುಡೆಗಳು ಅಷ್ಟು ಜನರ ಪರವಾಗಿಯೂ ಸಾಕ್ಷಿ ಹೇಳಲಾರವೆಂಬುದು ನಿಜ. ಆದರೆ ಅವು ಆ ಶಾಂತಮುಖಗಳ ಪರವಾಗಿ ಸಾಕ್ಷಿ ಹೇಳುವುದಿಲ್ಲವೆಂಬುದು ಅದಕ್ಕಿಂತಲೂ ನಿಜ.

ನಷ್ಟವೇನೆಂದು ಈಗ ಕೇಳಬಹುದು. ಕೊಲ್ಲಲ್ಪಟ್ಟ ದಾಸಿಯೊಬ್ಬಳನ್ನು ಸ್ವಇಚ್ಛೆಯಿಂದ ಸತ್ತವಳೆಂದು ಎಂಬತ್ತು ವರ್ಷಕಾಲ ಜಗತ್ತಿಗೆ ತೋರಿಸಿದುದು ಅಲ್ಪವಾದ ದೋಷವೆ? ವಿಷದ ಬಟ್ಟಲಿನ ಮಾತನ್ನು ವೂಲಿಯವರು ಹೇಳಿದುದು ಒಂದು ಅಭಿಪ್ರಾಯವೆಂದು. ಚಿತ್ರವು ಅದನ್ನು ತೋರಿಸಿದುದು ನಡೆದ ಸಂಗತಿಯೆಂದು. ಬಲಾತ್ಕಾರವನ್ನು ಭಕ್ತಿಯೆಂದು ನಂಬುವುದಕ್ಕೆ ಮನುಷ್ಯನ ಮನಸ್ಸು ಯಾವಾಗಲೂ ಸಿದ್ಧವಾಗಿರುವುದು. ಅಂತಹ ನಂಬಿಕೆಗೆ ಬಣ್ಣವನ್ನು ಒದಗಿಸುವವರು ಹೊಣೆಯನ್ನೂ ಹೊರಬೇಕು.

ಹಾಗಾದರೆ ಮಾಡತಕ್ಕುದೇನು? ಮಾರ್ಗವು ಹೊಸದಲ್ಲ, ಉತ್ಖನನಕಾರರೇ ಅದನ್ನು ಬಲ್ಲರು. ಅವರು ಬರೆಯುವ ನಕ್ಷೆಗಳಲ್ಲಿ ಸಿಕ್ಕಿದ ಗೋಡೆಗೆ ತುಂಬುರೇಖೆ, ಊಹಿಸಿದ ಗೋಡೆಗೆ ಚುಕ್ಕಿರೇಖೆ. ಒಡೆದ ಮಡಕೆಯನ್ನು ಕೂಡಿಸುವವರೂ ಹೊಸದಾಗಿ ತುಂಬಿದ ಭಾಗವನ್ನು ಕೊಂಚ ಬೇರೆ ಬಣ್ಣದಲ್ಲಿ ಬಿಡುವರು. ಪಂಡಿತರು ಪಂಡಿತರಿಗೆ ತೋರಿಸುವ ಈ ಪ್ರಾಮಾಣಿಕತೆಯನ್ನು ಸಾಮಾನ್ಯಪ್ರೇಕ್ಷಕನಿಗೂ ತೋರಿಸಿದರೆ ಸಾಕು. ಪ್ರತಿಯೊಂದು ಕಲ್ಪನಾಚಿತ್ರದ ಕೆಳಗೂ ಚಿತ್ರಗಾರನ ಹೆಸರು, ಬರೆದ ವರ್ಷ, ಅನುಸರಿಸಿದ ಮತ ಇವು ಇರಲಿ. ಟೀಕಾಕಾರನ ಹೆಸರಿಲ್ಲದ ಟೀಕೆಗೆ ಬೆಲೆಯಿಲ್ಲವಷ್ಟೆ. ಚಿತ್ರದ ಪಕ್ಕದಲ್ಲಿ ಅದೇ ದೃಶ್ಯದ ಚಿಕ್ಕ ರೇಖಾಚಿತ್ರವಿರಲಿ; ಸಿಕ್ಕಿದುದು ಒಂದು ಶಾಯಿಯಲ್ಲಿ, ಊಹಿಸಿದುದು ಇನ್ನೊಂದು ಶಾಯಿಯಲ್ಲಿ. ಇದು ಒಂದು ಅಂಗೈಯಗಲದ ಕಾಗದದ ಕೆಲಸ. ಚಿತ್ರದ ಅಭಿಪ್ರಾಯವು ತಪ್ಪೆಂದು ತಿಳಿದುಬಂದಾಗ ಅದನ್ನು ಸದ್ದಿಲ್ಲದೆ ಉಗ್ರಾಣಕ್ಕೆ ಸಾಗಿಸಕೂಡದು. ಯಾವಾಗ, ಯಾವುದರಿಂದ ತಪ್ಪೆಂದು ಕಂಡಿತೆಂಬುದನ್ನು ಬರೆದು, ಅಲ್ಲಿಯೇ ತೂಗುಹಾಕಬೇಕು. ತಪ್ಪು ತಿದ್ದಿದ ಬಗೆಯನ್ನು ಕಂಡ ಪ್ರೇಕ್ಷಕನು ಶಾಸ್ತ್ರವು ನಡೆಯುವ ರೀತಿಯನ್ನೇ ಕಲಿಯುವನು. ಗೋಪುರದ ಎತ್ತರವನ್ನು ಕಲಿತುದಕ್ಕಿಂತ ಅದು ಹೆಚ್ಚಿನ ಲಾಭ.

ಇದರಿಂದ ರಸಭಂಗವಾಗುವುದೆಂದು ಎರಡನೆಯ ಪಕ್ಷದವರು ಆಕ್ಷೇಪಿಸಬಹುದು. ನಾಟಕಶಾಲೆಯಲ್ಲಿ ಕುಳಿತವನಿಗೆ ಎದುರಿಗಿರುವವನು ನಟನೆಂದು ತಿಳಿದೇ ಇರುವುದು. ಹಾಗೆ ತಿಳಿದಿದ್ದರೂ ರಾಮನ ದುಃಖಕ್ಕೆ ಅವನ ಕಣ್ಣೀರು ನಿಲ್ಲುವುದಿಲ್ಲ. ಕಾವ್ಯವನ್ನು ಟೀಕೆಯೊಡನೆ ಓದಿದವನಿಗೆ ರಸವು ಹೆಚ್ಚಿರುವುದೇ ಹೊರತು ತಗ್ಗಿದುದನ್ನು ಕಂಡವರಿಲ್ಲ. "ಪ್ರೇಕ್ಷಕರು ಬರೆಹವನ್ನು ಓದುವುದೇ ಇಲ್ಲ" ಎಂಬ ಇನ್ನೊಂದು ಆಕ್ಷೇಪವುಂಟು. ಓದದವರು ಕೆಲವರಿರಬಹುದು. ಓದಬಯಸಿದವನಿಗೆ ಓದುವುದಕ್ಕೆ ಏನೂ ಇಲ್ಲದಂತೆ ಮಾಡುವುದಕ್ಕೆ ಅದು ಕಾರಣವಾಗಲಾರದು.

ಬರ್ಲಿನ್ನಿನ ಆ ಶಾಲೆಗಳು ದುರಸ್ತಿಗಾಗಿ ೨೦೨೩ರ ಅಕ್ಟೋಬರಿನ ಬಳಿಕ ಮುಚ್ಚಿರುವುವು. ಮತ್ತೆ ತೆರೆಯುವುದಕ್ಕೆ ಅನೇಕ ವರ್ಷಗಳು ಹಿಡಿಯುವುವು. ಗೋಡೆಗಳನ್ನು ಹೊಸದಾಗಿ ಅಣಿಗೊಳಿಸುವ ಇಂತಹ ಕಾಲವೇ, ಅಲ್ಲಿಯಾಗಲಿ ಬೇರೆಡೆಯಲ್ಲಾಗಲಿ, ಗೋಡೆಯ ಮೇಲಿರುವುದು ಏನನ್ನು ಹೇಳಬೇಕೆಂದು ವಿಚಾರಿಸಲು ತಕ್ಕ ಕಾಲ.

ಊರಿನ ಆ ದೊಡ್ಡ ಮೃತ್ಯುಕೂಪದಲ್ಲಿ ವೂಲಿಯವರಿಗೆ ಒಬ್ಬ ಹೆಣ್ಣುಮಗಳ ಅಸ್ಥಿಗಳು ಸಿಕ್ಕಿದುವು. ಇತರರು ಬೆಳ್ಳಿಯ ಪಟ್ಟಿಯನ್ನು ತಲೆಗೆ ಸುತ್ತಿಕೊಂಡಿದ್ದರೆ, ಇವಳದು ಸುರುಳಿಯಾಗಿ ಸೊಂಟದ ಬಳಿಯಲ್ಲಿಯೇ ಉಳಿದಿದ್ದಿತು. ಆಕೆಯು ತಡವಾಗಿ ಬಂದುದರಿಂದ ಮುಡಿದುಕೊಳ್ಳಲು ಹೊತ್ತಾಗಲಿಲ್ಲವೆಂದು ಅವರು ಊಹಿಸಿದರು. ಸುರುಳಿಯು ಪ್ರತ್ಯಕ್ಷ, ತಡವಾದುದು ಅನುಮಾನ. ಆಕೆಯು ಅವಸರದಿಂದ ಓಡಿಬಂದಳೋ, ಬರಲೊಲ್ಲದೆ ಹಿಂದೆ ನಿಂತಳೋ, ಎಳೆದುತಂದರೋ ಬೆಳ್ಳಿಯು ಹೇಳುವುದಿಲ್ಲ. ಚಿತ್ರಗಾರನು ಆಕೆಯ ಮುಖವನ್ನು ಬರೆಯಲಿ. ಬರೆದರೇ ನೋಡುವವನಿಗೆ ಆಕೆಯು ಒಬ್ಬ ಮನುಷ್ಯಳಾಗಿದ್ದಳೆಂಬುದು ತಿಳಿಯುವುದು. ಆದರೆ ಆ ಮುಖದ ಭಾವವು ತನ್ನದೆಂದೂ ಆ ಸುರುಳಿಯು ಮಾತ್ರ ಆಕೆಯದೆಂದೂ ಕೆಳಗೆ ಒಂದು ಸಾಲು ಬರೆಯಲಿ. ತನ್ನ ಸಾವಿನ ವಿಷಯದಲ್ಲಿ ಒಂದು ಮಾತನ್ನೂ ಆಡಲು ಅವಕಾಶವಿಲ್ಲದೆ ಹೋದವಳ ಬಾಯಲ್ಲಿ ಸುಳ್ಳುಮಾತನ್ನು ಹಾಕದಿರುವುದು ಉಳಿದವರ ಋಣ.